ಮಗುವಿನ ಕಡತಕ್ಕೆ ಆಯಸ್ಸು ಎಷ್ಟು? ಅಮೆರಿಕದ ಶಾಲಾ ದಾಖಲೆಗಳು: ತಪ್ಪು ಕಲ್ಪನೆ ಮತ್ತು ವಾಸ್ತವ

2023ರ ಮಳೆಗಾಲದಲ್ಲಿ ಒಂದು ರಾತ್ರಿ ಮೈಸೂರಿನಿಂದ ಅಕ್ಕ ಫೋನ್ ಮಾಡಿದಳು. ಮಾತಿಗಿಂತ ಮೊದಲು ಅಳು ಬಂತು. "ಮಗೂದು ಫೈಲೇ ಇಲ್ಲವಂತೆ ಕಣೇ. ಎಲ್ಲಾ ನಾಶ ಮಾಡಿದೀವಿ ಅಂತ ಬರೆದಿದಾರೆ. ಹಂಗೆಲ್ಲ ಹರಿದು ಹಾಕೋಕೆ ಅವರಿಗೆ ಯಾರು ಅಧಿಕಾರ ಕೊಟ್ಟರು?"

ಅಕ್ಕ, ಭಾವ ಎಂಟು ವರ್ಷ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಊರಿನಲ್ಲಿದ್ದು 2014ರಲ್ಲಿ ಮೈಸೂರಿಗೆ ವಾಪಸಾದವರು. ಮಗ ಅಲ್ಲಿ ಐದನೇ ತರಗತಿ ಮುಗಿಸಿದ್ದ. ಓದುವುದೆಂದರೆ ಅವನಿಗೆ ಬೆಟ್ಟ ಹತ್ತಿದ ಹಾಗೆ. ಎರಡನೇ ತರಗತಿಯಲ್ಲೇ ಶಾಲೆಯ ಮನಶ್ಶಾಸ್ತ್ರಜ್ಞರು ಪರೀಕ್ಷೆ ಮಾಡಿ, ಕಲಿಕೆಯ ತೊಂದರೆ ಇದೆಯೆಂದು ಗುರುತಿಸಿ, ಮೂರು ವರ್ಷ ವಿಶೇಷ ಪಾಠ ಹೇಳಿಸಿದ್ದರು. ಆಗ ಪದವಿ ಓದುತ್ತಿದ್ದ ಹುಡುಗನಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಬೇಕಾಗಿತ್ತು. ತೊಂದರೆ ಬಾಲ್ಯದಿಂದಲೂ ಇತ್ತು ಎನ್ನುವುದಕ್ಕೆ ಕಾಗದ ಕೇಳಿದರು. ಆ ಕಾಗದ ಇದ್ದದ್ದು ಸಾವಿರಾರು ಮೈಲಿ ದೂರದ ಶಾಲೆಯಲ್ಲಿ, ಅದೂ 2021ರವರೆಗೆ ಮಾತ್ರ.

ನಾನು ನ್ಯೂಜೆರ್ಸಿಯಲ್ಲಿ ಇದ್ದುಕೊಂಡೇ ಅಕ್ಕನ ಪರವಾಗಿ ಆ ಶಾಲೆಯ ಕಚೇರಿಗೆ ಫೋನ್ ಮಾಡಿದೆ, ಕಾನೂನಿನ ಪುಟಗಳನ್ನು ಓದಿದೆ. ಅಕ್ಕ ನಂಬಿದ್ದನ್ನೆಲ್ಲ ನಾನೂ ನಂಬಿದ್ದೆ. ಇಲ್ಲಿನ ಕನ್ನಡ ಸಂಸಾರಗಳಲ್ಲಿ ವಿಚಾರಿಸಿದರೆ ಅವರದೂ ಅದೇ ನಂಬಿಕೆ. ಅವನ್ನು ಒಂದೊಂದಾಗಿ ಬಿಡಿಸಿ ಇಡುತ್ತಿದ್ದೇನೆ.

ತಪ್ಪು ಕಲ್ಪನೆ: ದಾಖಲೆಗಳನ್ನು ಎಷ್ಟು ವರ್ಷ ಇಡಬೇಕೆಂದು ಅಮೆರಿಕದ ಕೇಂದ್ರ ಕಾನೂನೇ ಹೇಳುತ್ತದೆ, ಅದರ ಹೆಸರು ಫೆರ್ಪಾ.

ವಾಸ್ತವ: ಫೆರ್ಪಾ ಎಂಬ ಕಾನೂನು ಇರುವುದು ನಿಜ. ಅದರಲ್ಲಿ ವರ್ಷಗಳ ಲೆಕ್ಕ ಮಾತ್ರ ಇಲ್ಲ.

ಅದು ಹುಟ್ಟಿದ ಕಾಲವನ್ನು ನೆನೆದರೆ ಕಾರಣ ತಿಳಿಯುತ್ತದೆ. 1960ರ ದಶಕದ ಕೊನೆಗೆ ಅಮೆರಿಕದ ಶಾಲೆಗಳಲ್ಲಿ ಮಕ್ಕಳ ಕಡತಗಳು ದಪ್ಪವಾಗುತ್ತಾ ಹೋಗಿದ್ದವು. ಬುದ್ಧಿಮಟ್ಟದ ಪರೀಕ್ಷೆ, ಮನೆಯ ಪರಿಸ್ಥಿತಿಯ ಬಗ್ಗೆ ಶಿಕ್ಷಕರ ಅನಿಸಿಕೆ, ಯಾರೋ ಬರೆದಿಟ್ಟ ಚಾಡಿ, ಎಲ್ಲವೂ ಅದರೊಳಗೆ. ಹೆತ್ತವರು ಕೇಳಿದರೆ ತೋರಿಸುತ್ತಿರಲಿಲ್ಲ. ಹೊರಗಿನವರು ಕೇಳಿದರೆ ಎಷ್ಟೋ ಕಡೆ ತೆರೆದಿಡುತ್ತಿದ್ದರು. ನ್ಯೂಯಾರ್ಕಿನ ಸೆನೆಟರ್ ಜೇಮ್ಸ್ ಬಕ್ಲಿ ಇದಕ್ಕೆ ಕಡಿವಾಣ ಹಾಕುವ ತಿದ್ದುಪಡಿ ತಂದರು. ಜೆರಾಲ್ಡ್ ಫೋರ್ಡ್ ಅಧ್ಯಕ್ಷರಾಗಿ ಎರಡು ವಾರ ತುಂಬುವ ಮೊದಲೇ, 1974ರ ಆಗಸ್ಟ್ 21ರಂದು, ಅದಕ್ಕೆ ಸಹಿ ಬಿತ್ತು. ಆ ಕಾನೂನು ಎತ್ತಿಕೊಂಡ ಪ್ರಶ್ನೆಗಳು ಮೂರು: ಕಡತವನ್ನು ಯಾರು ನೋಡಬಹುದು, ತಪ್ಪಿದ್ದರೆ ತಿದ್ದಿಸುವುದು ಹೇಗೆ, ಒಪ್ಪಿಗೆಯಿಲ್ಲದೆ ಯಾರಿಗೆ ಕೊಡಬಾರದು. ಎಷ್ಟು ಕಾಲ ಇಡಬೇಕು ಎಂಬುದು ಅದರ ಪ್ರಶ್ನೆಯೇ ಆಗಿರಲಿಲ್ಲ.

ಆದರೂ ಫೆರ್ಪಾ ನಿಯಮಗಳಲ್ಲಿ ನಾಶಕ್ಕೆ ಸಂಬಂಧಿಸಿದ ಒಂದು ಸಾಲು ಇದೆ. ಹೆತ್ತವರು ದಾಖಲೆ ನೋಡಬೇಕೆಂದು ಕೇಳಿ, ಆ ಕೋರಿಕೆ ಇನ್ನೂ ಬಾಕಿ ಇರುವಾಗ, ಶಾಲೆ ಆ ದಾಖಲೆಯನ್ನು ನಾಶ ಮಾಡುವಂತಿಲ್ಲ. ಕಡತದಲ್ಲಿರುವ ಮಾತಿಗೆ ಆಕ್ಷೇಪವಿದ್ದು, ವಿಚಾರಣೆಯಲ್ಲಿ ಶಾಲೆ ಒಪ್ಪದಿದ್ದರೆ, ಹೆತ್ತವರು ತಮ್ಮ ಹೇಳಿಕೆ ಬರೆದುಕೊಡಬಹುದು. ಮೂಲ ದಾಖಲೆ ಇರುವಷ್ಟು ಕಾಲವೂ ಆ ಹೇಳಿಕೆ ಅದರ ಜೊತೆಗೇ ಇರಬೇಕು. ಅವಧಿಯ ಮಟ್ಟಿಗೆ ಫೆರ್ಪಾ ಹೇಳುವುದು ಹೆಚ್ಚುಕಡಿಮೆ ಇಷ್ಟೇ.

ಉಳಿದದ್ದು ರಾಜ್ಯಗಳ ಪಾಲು. ಇಲಿನಾಯ್ ರಾಜ್ಯದಲ್ಲಿ ವಿದ್ಯಾರ್ಥಿ ದಾಖಲೆಗಳಿಗೆಂದೇ ಶಾಸನ ಇದೆ. ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್, ಕ್ಯಾಲಿಫೋರ್ನಿಯಾಗಳಲ್ಲಿ ಶಿಕ್ಷಣ ಇಲಾಖೆಯ ನಿಯಮಗಳಲ್ಲಿ ಅವಧಿ ಬರೆದಿದೆ. ಟೆಕ್ಸಸ್‌ನಲ್ಲಿ ಅವಧಿಯ ಪಟ್ಟಿ ಹೊರಡಿಸುವುದು ರಾಜ್ಯ ಗ್ರಂಥಾಲಯ ಮತ್ತು ಪತ್ರಾಗಾರ ಆಯೋಗ. ಹಾಗಾಗಿ ಒಬ್ಬರಿಗೆ ಡಲ್ಲಾಸ್‌ನಲ್ಲಿ ಆದ ಅನುಭವವನ್ನು ಬಾಸ್ಟನ್ನಿನವರು ನೆಚ್ಚಿಕೊಂಡರೆ ಮೋಸ ಹೋಗುತ್ತಾರೆ. ಅಕ್ಕನಿಗೆ ಧೈರ್ಯ ಹೇಳಿದ್ದವರು ಡಲ್ಲಾಸ್ ಕಡೆಯ ನೆಂಟರೇ.

ತಪ್ಪು ಕಲ್ಪನೆ: ಶಾಲೆ ಕಳೆದರೂ ರಾಜ್ಯದ ಬೋರ್ಡಿನಲ್ಲಿ ಒಂದು ಪ್ರತಿ ಇದ್ದೇ ಇರುತ್ತದೆ.

ವಾಸ್ತವ: ಇದು ನಮ್ಮ ಊರಿನ ಅನುಭವದಿಂದ ಬಂದ ನಂಬಿಕೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕಳೆದರೆ ಮಲ್ಲೇಶ್ವರದ ಬೋರ್ಡಿಗೆ ಅರ್ಜಿ ಹಾಕಿ ನಕಲು ತರುತ್ತೇವೆ. ಓದಿದ ಶಾಲೆ ಮುಚ್ಚಿದ್ದರೂ ಬೋರ್ಡ್ ಇರುತ್ತದೆ. ಅಮೆರಿಕದಲ್ಲಿ ಎಲ್ಲ ಮಕ್ಕಳಿಗೂ ಅಂಕಪಟ್ಟಿ ಕೊಡುವ ಅಂಥ ಬೋರ್ಡ್ ಇಲ್ಲ. ಪ್ರೌಢಶಾಲೆಯ ಡಿಪ್ಲೊಮಾ ಕೊಡುವುದು ಆಯಾ ಸ್ಕೂಲ್ ಡಿಸ್ಟ್ರಿಕ್ಟ್. ಹೆಸರಿನಲ್ಲಿ ಡಿಸ್ಟ್ರಿಕ್ಟ್ ಎಂದಿದ್ದರೂ ಅದು ನಮ್ಮ ಜಿಲ್ಲೆಯಂಥದ್ದಲ್ಲ. ಎಷ್ಟೋ ಕಡೆ ಒಂದೇ ಊರಿನ ನಾಲ್ಕಾರು ಶಾಲೆಗಳನ್ನು ನಡೆಸುವ, ಚುನಾಯಿತ ಮಂಡಳಿಯುಳ್ಳ ಪುಟ್ಟ ಸ್ಥಳೀಯ ಸಂಸ್ಥೆ. ದೇಶದಲ್ಲಿ ಅಂಥವು ಸುಮಾರು 13,000 ಇವೆ. ಹವಾಯಿ ಒಂದರಲ್ಲಿ ಮಾತ್ರ ಇಡೀ ರಾಜ್ಯಕ್ಕೆ ಒಂದೇ ಡಿಸ್ಟ್ರಿಕ್ಟ್.

ರಾಜ್ಯಗಳು ಮಕ್ಕಳ ಅಂಕಿಅಂಶ ಸಂಗ್ರಹಿಸುತ್ತವೆ, ಹೌದು. ಅದು ಯೋಜನೆಗೆ, ಅನುದಾನದ ಲೆಕ್ಕಕ್ಕೆ. ಟ್ರಾನ್‌ಸ್ಕ್ರಿಪ್ಟ್ (ಅಂಕಗಳ ದಾಖಲೆ) ಬೇಕಾದವರು ಕೊನೆಗೆ ಹೋಗಬೇಕಾದ್ದು ಮಗು ಕೊನೆಯದಾಗಿ ಓದಿದ ಡಿಸ್ಟ್ರಿಕ್ಟಿನ ಕಚೇರಿಗೇ.

ತಪ್ಪು ಕಲ್ಪನೆ: 'ಪರ್ಮನೆಂಟ್ ರೆಕಾರ್ಡ್' ಎಂದರೆ ಮಗುವಿನ ಬಗ್ಗೆ ಶಾಲೆ ಬರೆದದ್ದೆಲ್ಲವೂ ಶಾಶ್ವತ.

ವಾಸ್ತವ: ಅಮೆರಿಕದ ಮಕ್ಕಳು ಈ ಮಾತಿಗೆ ಬಹಳ ಹೆದರುತ್ತಾರೆ. "ಇದು ನಿನ್ನ ಪರ್ಮನೆಂಟ್ ರೆಕಾರ್ಡಿಗೆ ಹೋಗುತ್ತದೆ" ಎನ್ನುವುದು ಅಲ್ಲಿನ ಶಾಲೆಗಳ ಹಳೆಯ ಗದರಿಕೆ. ನಮ್ಮ ಹೆತ್ತವರಿಗೆ ಅದೇ ಮಾತು ಭರವಸೆಯಾಗಿ ಕೇಳಿಸುತ್ತದೆ. ಭಯಕ್ಕೂ ಭರವಸೆಗೂ ಕಾರಣವಾದ ಆ ಶಾಶ್ವತ ದಾಖಲೆ ಒಂದೆರಡು ಹಾಳೆಯಷ್ಟು ತೆಳುವಾದದ್ದು.

ನ್ಯೂಜೆರ್ಸಿಯ ನಿಯಮ ನೋಡಿ. ಮಗು ಕೊನೆಯದಾಗಿ ಓದಿದ ಸಾರ್ವಜನಿಕ ಶಾಲೆಯ ಡಿಸ್ಟ್ರಿಕ್ಟ್ 100 ವರ್ಷ ಇಡಬೇಕಾದ್ದು ಇವು: ಹೆಸರು, ಹುಟ್ಟಿದ ದಿನ, ಲಿಂಗ, ವಿಳಾಸ, ಫೋನ್ ನಂಬರ್, ಗ್ರೇಡುಗಳು, ಹಾಜರಿ, ಓದಿದ ತರಗತಿಗಳು, ಮುಗಿಸಿದ ದರ್ಜೆ, ಮುಗಿಸಿದ ವರ್ಷ, ಹೆತ್ತವರ ಹೆಸರು. ನೂರು ವರ್ಷ! ಇವತ್ತು ಆ ರಾಜ್ಯದ ಎಡಿಸನ್ ಊರಿನಲ್ಲಿ ಓದು ಮುಗಿಸುವ ಹುಡುಗಿಯ ಹಾಳೆ ಅವಳ ಮೊಮ್ಮಕ್ಕಳ ಕಾಲಕ್ಕೂ ಇರಬೇಕು. ಆದರೆ ಆ ಪಟ್ಟಿಯಲ್ಲಿ ಪರೀಕ್ಷಾ ವರದಿ ಇಲ್ಲ, ಶಿಕ್ಷಕರ ಟಿಪ್ಪಣಿ ಇಲ್ಲ, ಅವಳು ಬರೆದ ಪ್ರಬಂಧ ಇಲ್ಲ.

ಕ್ಯಾಲಿಫೋರ್ನಿಯಾ ಮೂರು ಪಂಗಡ ಮಾಡಿದೆ. ಕಡ್ಡಾಯ ಶಾಶ್ವತ ದಾಖಲೆಗೆ ಕೊನೆಯೇ ಇಲ್ಲ, ಎಂದೆಂದಿಗೂ ಇಡಬೇಕು. ಹೆಸರು, ಹುಟ್ಟು, ಪ್ರತಿ ವರ್ಷ ಸೇರಿದ ಮತ್ತು ಬಿಟ್ಟ ದಿನ, ವಿಷಯ, ಅಂಕ, ಲಸಿಕೆಯ ವಿವರ, ಪ್ರೌಢಶಾಲೆ ಮುಗಿಸಿದ ದಿನ ಇದರಲ್ಲಿ ಬರುತ್ತವೆ. ಆರೋಗ್ಯದ ವಿವರ, ವಿಶೇಷ ಶಿಕ್ಷಣದ ವಿವರ, ಭಾಷಾ ತರಬೇತಿಯ ವಿವರ ಕಡ್ಡಾಯ ಮಧ್ಯಂತರ ದಾಖಲೆಗೆ ಸೇರುತ್ತವೆ. ಮಗು ಡಿಸ್ಟ್ರಿಕ್ಟ್ ಬಿಟ್ಟ ಮೇಲೆ ಅಥವಾ ಅವುಗಳ ಉಪಯೋಗ ಮುಗಿದ ಮೇಲೆ ಇನ್ನು ಕೆಲವೇ ವರ್ಷ ಅವುಗಳ ಆಯಸ್ಸು. ಮೂರನೆಯದು, ಶಾಲೆ ಬೇಕಿದ್ದರೆ ಇಟ್ಟುಕೊಳ್ಳಬಹುದಾದದ್ದು. ಅಲ್ಲಿನ ಶಿಕ್ಷಕರು 'ಕ್ಯೂಮ್ ಫೋಲ್ಡರ್' ಎಂದು ಕರೆಯುವ ರಟ್ಟಿನ ಫೈಲಿನಲ್ಲಿ ಈ ಮೂರೂ ಒಟ್ಟಿಗೆ ಇರುವುದರಿಂದ, ನೋಡಿದವರಿಗೆ ಎಲ್ಲಕ್ಕೂ ಒಂದೇ ಆಯಸ್ಸು ಎನ್ನಿಸುವುದು ಸಹಜ.

ಇಲಿನಾಯ್‌ನಲ್ಲಿ ಶಾಶ್ವತ ದಾಖಲೆಗೆ ಕನಿಷ್ಠ 60 ವರ್ಷ, ತಾತ್ಕಾಲಿಕ ದಾಖಲೆಗೆ ಕನಿಷ್ಠ 5 ವರ್ಷ. ವಿಸ್ಕಾನ್ಸಿನ್‌ನಲ್ಲಿ ಓದಿನ ಪ್ರಗತಿಯ ದಾಖಲೆಗೆ ಕನಿಷ್ಠ 5 ವರ್ಷ. ನಡವಳಿಕೆಯ ದಾಖಲೆಯನ್ನು ಮಾತ್ರ, ಇರಲಿ ಎಂದು ಲಿಖಿತವಾಗಿ ತಿಳಿಸದ ಹೊರತು, ಶಾಲೆ ಬಿಟ್ಟ 1 ವರ್ಷದ ಆಚೆಗೆ ಇಡುವಂತಿಲ್ಲ. ಮಗು ಹದಿಮೂರರಲ್ಲಿ ಮಾಡಿದ ತಪ್ಪು ಅವನ ಮೂವತ್ತರವರೆಗೆ ಬೆನ್ನು ಹತ್ತಬಾರದು ಎಂಬ ತೀರ್ಮಾನ ಅದರಲ್ಲಿದೆ. ಶಾಲೆಯಿಂದ ಶಾಲೆಗೆ ವರ್ಗವಾಗುವಾಗ ಅಮಾನತು, ಉಚ್ಚಾಟನೆಯ ದಾಖಲೆ ಹೊಸ ಶಾಲೆಗೆ ಹೋಗುವ ವ್ಯವಸ್ಥೆ ಇರಬೇಕೆಂದು ಕೇಂದ್ರ ಕಾನೂನು ಹೇಳುತ್ತದೆ, ಅದು ಬೇರೆ ಮಾತು. ಕಾಲೇಜು ಪ್ರವೇಶದ ಮಟ್ಟಿಗೆ, ನೂರಾರು ಕಾಲೇಜುಗಳು ಬಳಸುವ 'ಕಾಮನ್ ಆ್ಯಪ್' ಅರ್ಜಿ 2021ರಿಂದ ಶಾಲೆಯ ಶಿಸ್ತುಕ್ರಮದ ಪ್ರಶ್ನೆಯನ್ನೇ ತೆಗೆದುಹಾಕಿದೆ.

ಈ ವಿಂಗಡಣೆಯ ಬೇರು ಹಳೆಯದು. ಫೆರ್ಪಾಕ್ಕೂ ಮೊದಲು, 1970ರಲ್ಲಿ, ರಸೆಲ್ ಸೇಜ್ ಪ್ರತಿಷ್ಠಾನ ಶಾಲಾ ದಾಖಲೆಗಳ ಬಗ್ಗೆ ಮಾರ್ಗಸೂಚಿ ಪ್ರಕಟಿಸಿತು. ಎ ವರ್ಗದ ಕನಿಷ್ಠ ವಿವರ ಸದಾ ಇರಲಿ, ಬಿ ವರ್ಗದ ಪರಿಶೀಲಿಸಿದ ವಿವರ ಷರತ್ತಿನ ಮೇಲೆ ಇರಲಿ, ಸಿ ವರ್ಗದ ಖಚಿತವಲ್ಲದ ವಿವರ ಕೆಲಸ ಮುಗಿದ ಕೂಡಲೇ ಹೋಗಲಿ ಎಂದಿತು. ಇವತ್ತಿನ ರಾಜ್ಯ ನಿಯಮಗಳಲ್ಲಿ ಅದೇ ಯೋಚನೆಯ ನೆರಳು ಕಾಣುತ್ತದೆ.

ತಪ್ಪು ಕಲ್ಪನೆ: ದಾಖಲೆ ನಾಶ ಮಾಡುವುದು ಶಾಲೆಯ ಉಡಾಫೆ, ಕಾನೂನುಬಾಹಿರ ಕೆಲಸ.

ವಾಸ್ತವ: ಅಕ್ಕನ ಸಿಟ್ಟೆಲ್ಲ ಇದರ ಮೇಲೆಯೇ ಇತ್ತು. ನಾನೂ ಆ ಕಚೇರಿಗೆ ಫೋನ್ ಮಾಡಿದಾಗ ಸ್ವಲ್ಪ ಬಿರುಸಾಗಿಯೇ ಮಾತಾಡಿದ್ದೆ. ಅಲ್ಲಿದ್ದ ಹೆಂಗಸು ತಾಳ್ಮೆಯಿಂದ ನಿಯಮ ಓದಿ ಹೇಳಿದರು.

ಮ್ಯಾಸಚೂಸೆಟ್ಸ್‌ನ ನಿಯಮದಲ್ಲಿ ಟ್ರಾನ್‌ಸ್ಕ್ರಿಪ್ಟ್ ಕನಿಷ್ಠ 60 ವರ್ಷ ಇರಬೇಕು. ಅದರ ಹೊರಗಿನ ಮೌಲ್ಯಮಾಪನ, ವಿಶೇಷ ಶಿಕ್ಷಣದ ಯೋಜನೆ, ಶಿಕ್ಷಕರ ವರದಿ ಎಲ್ಲವೂ ತಾತ್ಕಾಲಿಕ ದಾಖಲೆ. ಮಗು ಆ ಶಾಲಾ ವ್ಯವಸ್ಥೆಯನ್ನು ಬಿಟ್ಟು 7 ವರ್ಷ ತುಂಬುವುದರೊಳಗೆ ಅದನ್ನು ನಾಶ ಮಾಡಬೇಕು. ಮಾಡಬಹುದು ಎಂದಲ್ಲ, ಮಾಡಲೇಬೇಕು. 2014ರಲ್ಲಿ ಬಿಟ್ಟವನ ಕಡತ 2021ರ ನಂತರ ಇದ್ದಿದ್ದರೆ ಅದೇ ನಿಯಮ ಮುರಿದಂತೆ.

ಅದೇ ನಿಯಮದಲ್ಲಿ ಇನ್ನೊಂದು ಮಾತೂ ಇದೆ. ಮಗು ಶಾಲೆ ಬಿಡುವ ಸಮಯದಲ್ಲೇ, ಕಡತ ಸುಮಾರು ಯಾವಾಗ ನಾಶವಾಗುತ್ತದೆ, ಅದರೊಳಗೆ ನೀವು ಅದನ್ನು ಪೂರ್ತಿಯಾಗಿಯೋ ಭಾಗಶಃವೋ ಪಡೆಯಬಹುದು ಎಂದು ಶಾಲೆ ಲಿಖಿತವಾಗಿ ತಿಳಿಸಬೇಕು. ನಾನು ಅಕ್ಕನಿಗೆ ಇದನ್ನು ಹೇಳಿದೆ. ಮರುದಿನ ಭಾವ ಅಟ್ಟದ ಮೇಲಿನ ಸೂಟ್‌ಕೇಸ್ ಇಳಿಸಿ ಹುಡುಕಿದರು. ಶಾಲೆ ಬಿಟ್ಟ ದಿನ ಕೊಟ್ಟ ಲಕೋಟೆಯಲ್ಲಿ, ಬಸ್ ಪಾಸು, ಲಸಿಕೆ ಪಟ್ಟಿಯ ನಡುವೆ ಆ ಪತ್ರ ಇತ್ತು. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಯಾರೂ ಓದಿರಲಿಲ್ಲ.

ಅಕ್ಕ ಆಮೇಲೆ ಶಾಲೆಯನ್ನು ಬೈಯಲಿಲ್ಲ. ಆದರೆ ನನಗನ್ನಿಸುವುದನ್ನು ಹೇಳುತ್ತೇನೆ: ದೇಶ ಬಿಡುವ ವಾರದಲ್ಲಿ ಕೈಗಿತ್ತ ಒಂದು ಪತ್ರವನ್ನು ನೆಚ್ಚಿ ಏಳು ವರ್ಷದ ನಂತರ ಕಡತ ನಾಶ ಮಾಡುವುದು ಹೆತ್ತವರ ಮೇಲೆ ಹೆಚ್ಚು ಭಾರ ಹೊರಿಸಿದಂತೆ. ಇಮೇಲ್ ಇರುವ ಈ ಕಾಲದಲ್ಲಿ ನಾಶಕ್ಕೆ ಆರು ತಿಂಗಳ ಮೊದಲು ಇನ್ನೊಂದು ಸೂಚನೆ ಕಡ್ಡಾಯವಾಗಬೇಕು. ವಿಶೇಷ ಶಿಕ್ಷಣ ಪಡೆದ ಮಕ್ಕಳಿಗಂತೂ ಬೇಕೇ ಬೇಕು. ಇಲಿನಾಯ್ ಈ ವಿಷಯದಲ್ಲಿ ಸ್ವಲ್ಪ ಮುಂದಿದೆ: ವಿಶೇಷ ಶಿಕ್ಷಣದ ಮಕ್ಕಳ ತಾತ್ಕಾಲಿಕ ದಾಖಲೆ ಮುಂದೆ ಬೇಕಾಗಬಹುದೆಂದು ಕಂಡರೆ, 5 ವರ್ಷದ ನಂತರ ಅದನ್ನು ಹೆತ್ತವರ ಅಥವಾ ವಿದ್ಯಾರ್ಥಿಯ ಕೈಗೇ ಒಪ್ಪಿಸಲು ಅಲ್ಲಿನ ಶಾಸನ ದಾರಿ ಮಾಡಿದೆ.

ತಪ್ಪು ಕಲ್ಪನೆ: ಹಾಗಿದ್ದರೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಶಾಶ್ವತವಾಗಿ ಇಟ್ಟುಬಿಡಲಿ, ಜಾಗದ ಸಮಸ್ಯೆಯೂ ಇಲ್ಲ.

ವಾಸ್ತವ: ಅಕ್ಕನ ಮಗನ ಕಡತಕ್ಕಾಗಿ ಮರುಗಿದ ನಾನೇ ಇದನ್ನು ಒಪ್ಪಲಾರೆ.

2022ರ ಸೆಪ್ಟೆಂಬರಿನಲ್ಲಿ ದೇಶದ ಎರಡನೇ ದೊಡ್ಡ ಡಿಸ್ಟ್ರಿಕ್ಟ್ ಆದ ಲಾಸ್ ಏಂಜಲೀಸ್ ಯೂನಿಫೈಡ್ ಮೇಲೆ ಸೈಬರ್ ದಾಳಿ ನಡೆಯಿತು. ಸುಲಿಗೆಯ ಹಣ ಸಿಗದಿದ್ದಾಗ ದಾಳಿಕೋರರು ಕದ್ದದ್ದನ್ನು ಬಹಿರಂಗಕ್ಕೆ ಎಸೆದರು. ಅದರಲ್ಲಿ ವಿದ್ಯಾರ್ಥಿಗಳ ಸುಮಾರು 2,000 ಮೌಲ್ಯಮಾಪನ ದಾಖಲೆಗಳೂ ಇದ್ದವೆಂದು ಡಿಸ್ಟ್ರಿಕ್ಟ್ 2023ರ ಫೆಬ್ರವರಿಯಲ್ಲಿ ಒಪ್ಪಿಕೊಂಡಿತು. ಆ 2,000ದಲ್ಲಿ ಆಗ ಅಲ್ಲಿ ಓದುತ್ತಿದ್ದವರದು 60 ಮಾತ್ರ. ಉಳಿದವರೆಲ್ಲ ಶಾಲೆ ಬಿಟ್ಟು ಹೋದವರು. ಅಕ್ಕನ ಮಗನ ಕಡತದಲ್ಲಿದ್ದಂಥ ಗುಟ್ಟಿನ ಸಂಗತಿಗಳು ಯಾರು ಬೇಕಾದರೂ ಓದುವಂತೆ ಬೀದಿಗೆ ಬಿದ್ದವು.

2024ರ ಡಿಸೆಂಬರಿನಲ್ಲಿ ಪವರ್‌ಸ್ಕೂಲ್ ಎಂಬ ತಂತ್ರಾಂಶ ಕಂಪನಿಗೆ ಕನ್ನ ಬಿತ್ತು. ಉತ್ತರ ಅಮೆರಿಕದ ಸಾವಿರಾರು ಶಾಲೆಗಳು ಬಳಸುವ ತಂತ್ರಾಂಶ ಅದು. ಪಕ್ಕದ ಕೆನಡಾದ ಟೊರಾಂಟೊ ಡಿಸ್ಟ್ರಿಕ್ಟಿನಲ್ಲಿ 1985ರಷ್ಟು ಹಿಂದಿನ ವಿದ್ಯಾರ್ಥಿಗಳ ವಿವರವೂ ಕಳ್ಳರ ಕೈಗೆ ಸಿಕ್ಕಿರಬಹುದೆಂದು ಗೊತ್ತಾಯಿತು. ನಲವತ್ತು ವರ್ಷದ ಹಿಂದೆ ಶಾಲೆ ಸೇರಿದವರು ತಮ್ಮ ವಿವರ ಇನ್ನೂ ಅಲ್ಲಿದೆ ಎಂದು ತಿಳಿದದ್ದೇ ಅದು ಕಳುವಾದ ಮೇಲೆ.

ಉಕ್ಕಿನ ಬೀರುವಿನಲ್ಲಿದ್ದ ರಟ್ಟಿನ ಫೈಲನ್ನು ಕದಿಯಲು ಕಳ್ಳ ಆ ಊರಿಗೇ ಬರಬೇಕಿತ್ತು. ಈಗ ಹಾಗಿಲ್ಲ. ಅವಧಿ ಮುಗಿದದ್ದನ್ನು ಅಳಿಸುವುದೂ ಮಗುವನ್ನು ಕಾಪಾಡುವ ಕೆಲಸವೇ. ಆ ಗುಟ್ಟಿನ ಕಾಗದ ಇರಬೇಕಾದ ಸರಿಯಾದ ಜಾಗ ಮಗುವಿನ ಮನೆ.

ತಪ್ಪು ಕಲ್ಪನೆ: ಅಂಕ ಸಿಕ್ಕರೆ ಸಾಕು, ಹಳೆಯ ಹಾಜರಿ, ಸೇರಿದ ದಿನ, ವಿಳಾಸ ಯಾರಿಗೆ ಬೇಕು?

ವಾಸ್ತವ: ಕೆಲವರಿಗೆ ಬದುಕೇ ಅದರ ಮೇಲೆ ನಿಂತಿದೆ.

ನಮ್ಮ ಕಡೆಯ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಕೇ ಎಷ್ಟೋ ಜನರ ಹುಟ್ಟಿದ ದಿನ ಆಯಿತು. ಜೂನ್ 1ರಂದು ಹುಟ್ಟಿದವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಅಮೆರಿಕದ ಕಥೆಯೂ ಬಹಳ ಬೇರೆಯಲ್ಲ. ಅಲ್ಲಿನ ಎಲ್ಲ ರಾಜ್ಯಗಳೂ ರಾಷ್ಟ್ರೀಯ ಜನನ ನೋಂದಣಿ ವ್ಯವಸ್ಥೆಗೆ ಸೇರಿದ್ದು 1933ರಲ್ಲಿ. ಎರಡೇ ವರ್ಷಕ್ಕೆ ಮುಪ್ಪಿನಲ್ಲಿ ಪಿಂಚಣಿ ಕೊಡುವ ಸೋಷಿಯಲ್ ಸೆಕ್ಯುರಿಟಿ ಕಾನೂನು ಬಂತು. ಜನನ ಪತ್ರ ಇಲ್ಲದವರು ವಯಸ್ಸಿಗೆ ಪುರಾವೆಯಾಗಿ ಹಳೆಯ ಶಾಲಾ ದಾಖಲೆ ತರಬೇಕಾಯಿತು. ಅರವತ್ತು ವರ್ಷ, ನೂರು ವರ್ಷ ಎಂಬ ಲೆಕ್ಕ ಅತಿಯೆನಿಸಿದರೆ, ಮುಪ್ಪಿನಲ್ಲಿ ಆ ಹಾಳೆ ಹುಡುಕಿಕೊಂಡು ಬರುವವರನ್ನು ನೆನೆಯಬೇಕು.

ಹೊಸ ಉದಾಹರಣೆಯೂ ಇದೆ. ಎಳೆಯ ವಯಸ್ಸಿನಲ್ಲಿ ಬಂದು, ಕಾಗದಪತ್ರವಿಲ್ಲದೆ ಬೆಳೆದವರಿಗೆ ಗಡಿಪಾರಿನಿಂದ ರಕ್ಷಣೆ ಕೊಡುವ 'ಡಾಕಾ' ಯೋಜನೆಯನ್ನು 2012ರ ಜೂನ್ 15ರಂದು ಘೋಷಿಸಿದಾಗ, 2007ರ ಜೂನ್ 15ರಿಂದ ಈ ದೇಶದಲ್ಲೇ ಇದ್ದೆ ಎಂದು ಅರ್ಜಿದಾರರು ತೋರಿಸಬೇಕಿತ್ತು. ಮಕ್ಕಳ ಹೆಸರಿನಲ್ಲಿ ಬಾಡಿಗೆ ಚೀಟಿ ಇರುವುದಿಲ್ಲ, ಬ್ಯಾಂಕ್ ಖಾತೆ ಇರುವುದಿಲ್ಲ. ಇರುವುದು ಶಾಲೆಯ ದಾಖಲೆ. ಯಾವ ತಿಂಗಳು ಯಾವ ತರಗತಿಯಲ್ಲಿ ಹಾಜರಿದ್ದರು ಎಂಬ ಆ ಪಟ್ಟಿಯನ್ನು ತರಲು ಯುವಕರು ತಾವು ಓದಿದ ಡಿಸ್ಟ್ರಿಕ್ಟ್ ಕಚೇರಿಗಳ ಬಾಗಿಲಿಗೆ ಹೋದರು.

ಡಿಸ್ಟ್ರಿಕ್ಟ್ ಶಾಲೆಗಳ ಮಾತಲ್ಲದಿದ್ದರೂ ಇನ್ನೊಂದನ್ನು ಇಲ್ಲಿ ಹೇಳದೆ ಇರಲಾರೆ. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರ ಒಯ್ದು ಅವರ ಭಾಷೆ ಬಿಡಿಸಲು ಅಮೆರಿಕದ ಸರ್ಕಾರ ವಸತಿಶಾಲೆಗಳನ್ನು ನಡೆಸಿತ್ತು. ಪೆನ್ಸಿಲ್ವೇನಿಯಾದ ಕಾರ್ಲೈಲ್ ಶಾಲೆ 1879ರಿಂದ 1918ರವರೆಗೆ ನಡೆಯಿತು. ಅದರ ವಿದ್ಯಾರ್ಥಿ ಕಡತಗಳು ರಾಷ್ಟ್ರೀಯ ಪತ್ರಾಗಾರದಲ್ಲಿ ಉಳಿದವು. ಇಂಥ ಶಾಲೆಗಳಲ್ಲಿ ಕನಿಷ್ಠ 973 ಮಕ್ಕಳು ಸತ್ತರೆಂದು ಆಂತರಿಕ ಇಲಾಖೆಯ ತನಿಖೆ 2024ರ ಜುಲೈನಲ್ಲಿ ತಿಳಿಸಿತು. ಮನೆಗೆ ಮರಳದ ಮಗುವಿನ ಹೆಸರನ್ನು ವಂಶದವರು ಇವತ್ತು ಹುಡುಕುತ್ತಿರುವುದು ಆ ಹಳೆಯ ಸೇರ್ಪಡೆ ಚೀಟಿಗಳಲ್ಲಿ. ಬರೆದವರ ಉದ್ದೇಶ ಏನೇ ಇದ್ದರೂ, ಆ ಚೀಟಿಗಳೂ ಹೋಗಿದ್ದರೆ ಅವರಿಗೆ ಉಳಿಯುತ್ತಿದ್ದದ್ದು ಬರೀ ಶೂನ್ಯ.

ತಪ್ಪು ಕಲ್ಪನೆ: ಹೆತ್ತವರು ಯಾವಾಗ ಬೇಕಾದರೂ ಮಗುವಿನ ದಾಖಲೆ ಕೇಳಬಹುದು.

ವಾಸ್ತವ: ಮಗುವಿಗೆ 18 ತುಂಬುವವರೆಗೆ, ಅಥವಾ ಅದಕ್ಕೂ ಮೊದಲೇ ಕಾಲೇಜು ಸೇರುವವರೆಗೆ. ಆಮೇಲೆ ಫೆರ್ಪಾದ ಹಕ್ಕು ಮಗುವಿನದು. ಅಕ್ಕ ಬರೆದ ಮೊದಲ ಪತ್ರಕ್ಕೆ "ನಿಮ್ಮ ಮಗನೇ ಸಹಿ ಮಾಡಿ ಬರೆಯಲಿ" ಎಂದು ಉತ್ತರ ಬಂದಿತ್ತು. ತಾಯಿಯಾದ ತನ್ನನ್ನು ಅವಮಾನಿಸಿದರು ಎಂದೇ ಅವಳು ನೊಂದಿದ್ದಳು. ಅದು ಅವರ ಕಾನೂನು. ಇಪ್ಪತ್ತು ವರ್ಷದ ಹುಡುಗನ ಕಡತ ಹುಡುಗನ ಸ್ವತ್ತು.

ತಪ್ಪು ಕಲ್ಪನೆ: ದೇಶ ಬಿಟ್ಟ ಮೇಲೆ, ವೀಸಾ ಮುಗಿದ ಮೇಲೆ ಹಕ್ಕೂ ಮುಗಿಯಿತು.

ವಾಸ್ತವ: ಮುಗಿಯುವುದಿಲ್ಲ. ಈ ಹಕ್ಕಿಗೂ ಪೌರತ್ವಕ್ಕೂ ಸಂಬಂಧವಿಲ್ಲ. ಸಾಮಾನ್ಯವಾಗಿ ಶಾಲೆ ದಾಖಲೆಯನ್ನು ತೋರಿಸಿದರೆ ಸಾಕು, ನಕಲು ಕೊಡಲೇಬೇಕೆಂದು ಫೆರ್ಪಾ ಹೇಳುವುದಿಲ್ಲ. ಆದರೆ ಖುದ್ದಾಗಿ ಬಂದು ನೋಡಲು ಆಗದ ಪರಿಸ್ಥಿತಿ ಇದ್ದರೆ ನಕಲು ಕಳಿಸಬೇಕು ಅಥವಾ ಬೇರೆ ಏರ್ಪಾಡು ಮಾಡಬೇಕು. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುವವರಿಗೆ ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ. ಪತ್ರದಲ್ಲಿ "ನಾನು ಭಾರತದಲ್ಲಿದ್ದೇನೆ, ಬಂದು ನೋಡಲಾರೆ" ಎಂದು ಬಿಡಿಸಿ ಬರೆಯಿರಿ. ನಕಲಿನ ಖರ್ಚು ಕೇಳಬಹುದು, ಹುಡುಕಿದ್ದಕ್ಕೆ ಹಣ ಕೇಳುವಂತಿಲ್ಲ. ಗರಿಷ್ಠ ಗಡುವು 45 ದಿನ. ಕೆಲವು ರಾಜ್ಯಗಳಲ್ಲಿ ಇನ್ನೂ ಕಡಿಮೆ, ಕ್ಯಾಲಿಫೋರ್ನಿಯಾದಲ್ಲಿ 5 ಕೆಲಸದ ದಿನ.

ತಪ್ಪು ಕಲ್ಪನೆ: ಖಾಸಗಿ ಶಾಲೆಗೂ ಇದೇ ನಿಯಮ.

ವಾಸ್ತವ: ಅಮೆರಿಕದ ಶಿಕ್ಷಣ ಇಲಾಖೆಯ ಹಣ ಪಡೆಯದ ಶಾಲೆಗೆ ಫೆರ್ಪಾ ಅನ್ವಯಿಸುವುದಿಲ್ಲ, ಹೆಚ್ಚಿನ ಖಾಸಗಿ ಶಾಲೆಗಳು ಆ ಗುಂಪಿನವು. ಅಲ್ಲಿ ಓದಿಸಿದವರು ಬಿಡುವ ದಿನವೇ ಎಲ್ಲ ಕಾಗದ ಕೈಗೆ ತೆಗೆದುಕೊಳ್ಳುವುದು ಕ್ಷೇಮ.

ತಪ್ಪು ಕಲ್ಪನೆ: ಊರಿಗೆ ಹೊರಟಾಗ ಟಿ.ಸಿ. ತಂದರೆ ಸಾಕು.

ವಾಸ್ತವ: ನಮ್ಮಲ್ಲಿರುವ ರೂಪದ ಟಿ.ಸಿ. ಅಮೆರಿಕದ ಸಾರ್ವಜನಿಕ ಶಾಲೆಗಳ ವಾಡಿಕೆಯಲ್ಲಿ ಇಲ್ಲ. ಶಾಲೆ ಬಿಟ್ಟದ್ದಕ್ಕೆ ಒಂದು ವಿತ್‌ಡ್ರಾವಲ್ ಪತ್ರ, ಜೊತೆಗೆ ಟ್ರಾನ್‌ಸ್ಕ್ರಿಪ್ಟ್ ಅಥವಾ ರಿಪೋರ್ಟ್ ಕಾರ್ಡ್, ಲಸಿಕೆ ಪಟ್ಟಿ ಕೊಡುತ್ತಾರೆ. ಭಾರತದ ಶಾಲೆ ದೃಢೀಕರಣ ಕೇಳಿದರೆ ದಾರಿ ಅಪೊಸ್ಟಿಲ್, ಅಂದರೆ ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಒಪ್ಪುವಂತೆ ಹಾಕುವ ಮುದ್ರೆ. ಅದಕ್ಕೆ ಆಧಾರವಾದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಅಮೆರಿಕ 1981ರಲ್ಲಿ, ಭಾರತ 2005ರಲ್ಲಿ ಸೇರಿವೆ. ಟ್ರಾನ್‌ಸ್ಕ್ರಿಪ್ಟ್‌ಗೆ ಶಾಲೆಯ ಅಧಿಕಾರಿ ನೋಟರಿಯ ಎದುರು ಸಹಿ ಮಾಡಬೇಕು, ಆಮೇಲೆ ಆ ರಾಜ್ಯದ ಕಚೇರಿ ಮುದ್ರೆ ಹಾಕುತ್ತದೆ. ಇದನ್ನು ಅಮೆರಿಕದಲ್ಲಿದ್ದಾಗಲೇ ಮಾಡಿಸಿದರೆ ಒಂದೆರಡು ವಾರದ ಕೆಲಸ. ಭಾರತದಿಂದ ಮಾಡಿಸುವುದು ಎಷ್ಟು ಕಷ್ಟವೆಂದು ಮಾಡಿಸಿದವರನ್ನೇ ಕೇಳಬೇಕು.

ತಪ್ಪು ಕಲ್ಪನೆ: ವಿಶೇಷ ಶಿಕ್ಷಣದ ಕಡತ ಸೂಕ್ಷ್ಮವಾದದ್ದು, ಹಾಗಾಗಿ ಅದನ್ನು ಹೆಚ್ಚು ಕಾಲ ಕಾಯುತ್ತಾರೆ.

ವಾಸ್ತವ: ಹೆಚ್ಚಿನ ಕಡೆ ಅದು ಅಂಕಪಟ್ಟಿಗಿಂತ ಬಹಳ ಮೊದಲೇ ಹೋಗುತ್ತದೆ. ವಿಶೇಷ ಶಿಕ್ಷಣದ ಕೇಂದ್ರ ಕಾನೂನಿನ ನಿಯಮ ಹೀಗಿದೆ: ಆ ಮಾಹಿತಿ ಮಗುವಿನ ಶಿಕ್ಷಣಕ್ಕೆ ಇನ್ನು ಬೇಕಿಲ್ಲ ಎನಿಸಿದಾಗ ಹೆತ್ತವರಿಗೆ ತಿಳಿಸಬೇಕು, ಅವರು ಕೇಳಿಕೊಂಡರೆ ನಾಶ ಮಾಡಬೇಕು, ಹೆಸರು, ವಿಳಾಸ, ಗ್ರೇಡು, ಹಾಜರಿ, ಮುಗಿಸಿದ ತರಗತಿಯಂಥ ವಿವರವನ್ನು ಮಾತ್ರ ಕಾಲಮಿತಿಯಿಲ್ಲದೆ ಇಡಬಹುದು. ಶಾಲೆ ಯೋಚಿಸುವುದು ಪಾಠದ ಅಗತ್ಯದ ಬಗ್ಗೆ. ಮಗುವಿನ ಅಗತ್ಯ ಶಾಲೆಯ ಆಚೆಗೂ ಇರುತ್ತದೆ. ಉದಾಹರಣೆಗೆ ಗಮನ ಕೊರತೆಯ ತೊಂದರೆಯನ್ನು ದೊಡ್ಡವರಲ್ಲಿ ಗುರುತಿಸುವಾಗ, ಅದರ ಕೆಲವು ಲಕ್ಷಣಗಳು 12 ವರ್ಷಕ್ಕೆ ಮೊದಲೇ ಇದ್ದವೇ ಎಂದು ವೈದ್ಯರು ನೋಡಲೇಬೇಕು. ಎರಡನೇ ತರಗತಿಯ ವರದಿಗಿಂತ ಗಟ್ಟಿ ಸಾಕ್ಷಿ ಅದಕ್ಕೆ ಬೇರೆ ಯಾವುದಿದೆ?

ಅಕ್ಕನ ಮಗ ಬೆಂಗಳೂರಿನಲ್ಲಿ ಎರಡು ದಿನ ಹೊಸದಾಗಿ ಪರೀಕ್ಷೆಗೆ ಕುಳಿತ. ಭಾವನ ಹಳೆಯ ಇಮೇಲಿನಲ್ಲಿ ಒಂದು ಸಭೆಯ ಟಿಪ್ಪಣಿ ಸಿಕ್ಕಿತು, ಅದನ್ನೂ ಲಗತ್ತಿಸಿದರು. ಒಂದು ಸೆಮಿಸ್ಟರ್ ಕಳೆದ ಮೇಲೆ ಹೆಚ್ಚುವರಿ ಸಮಯ ಸಿಕ್ಕಿತು. ಆ ಸೆಮಿಸ್ಟರಿನಲ್ಲಿ ಅವನು ಎರಡು ವಿಷಯ ಕಳೆದುಕೊಂಡ.

ಹಾಗಾಗಿ ಅಮೆರಿಕದಲ್ಲಿ ಮಕ್ಕಳನ್ನು ಓದಿಸಿ ಊರಿಗೆ ಬಂದವರಲ್ಲಿ, ಬರಲಿರುವವರಲ್ಲಿ ನನ್ನ ಕೋರಿಕೆ ಇದು. ಶಾಲೆ ಕೊಟ್ಟ ಲಕೋಟೆಯನ್ನು ಇವತ್ತೇ ತೆರೆದು ಓದಿ. ಮೌಲ್ಯಮಾಪನ ವರದಿ, ವಿಶೇಷ ಶಿಕ್ಷಣದ ಯೋಜನೆ, ಆರೋಗ್ಯದ ವಿವರ ನಿಮ್ಮ ಬಳಿ ಇಲ್ಲದಿದ್ದರೆ ಡಿಸ್ಟ್ರಿಕ್ಟಿಗೆ ಲಿಖಿತ ಕೋರಿಕೆ ಕಳಿಸಿ. ಅದು ಬಾಕಿ ಇರುವಷ್ಟು ದಿನ ಅವರು ಆ ಕಾಗದವನ್ನು ಮುಟ್ಟುವಂತಿಲ್ಲ. ಮಗುವಿಗೆ 18 ದಾಟಿದ್ದರೆ ಸಹಿ ಅವನದೋ ಅವಳದೋ ಇರಲಿ. ಮ್ಯಾಸಚೂಸೆಟ್ಸ್‌ನಲ್ಲಿ ಓದಿಸಿ, ಬಿಟ್ಟು ಇನ್ನೂ ಏಳು ವರ್ಷ ತುಂಬಿರದಿದ್ದರೆ ಈ ವಾರವೇ ಬರೆಯಿರಿ.